ಬರುವ ಉದ್ದೇಶವೇನು?

ರಷ್ಯಕ್ಕೆ ವೀಸಾ ಕೇಳುವವರು ಪ್ರಯಾಣದ ಉದ್ದೇಶ ತಿಳಿಸಬೇಕು. 'ಪ್ರವಾಸ' ಎಂದು ಬರೆದರೆ ಸಾಕು, ಕೆಲಸ ಮುಗಿಯುತ್ತದೆ. ಆದರೆ ಹೋಗಬೇಕೆಂದಿರುವ ಊರು ನೊರೀಲ್ಸ್ಕ್ ಆಗಿದ್ದರೆ ಆ ಒಂದು ಪದ ಮನಸ್ಸನ್ನು ಚುಚ್ಚಬೇಕು.

ಸೈಬೀರಿಯದ ಉತ್ತರದಲ್ಲಿ, ಧ್ರುವವೃತ್ತದಿಂದಲೂ ಮೇಲಿರುವ ಈ ನಗರಕ್ಕೆ ದೇಶದ ಉಳಿದ ಭಾಗದಿಂದ ರಸ್ತೆಯೂ ಇಲ್ಲ, ರೈಲೂ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ದುದಿಂಕ ಬಂದರಿನವರೆಗೆ ಹಡಗಿನಲ್ಲಿ. ಚಳಿಗಾಲದಲ್ಲಿ ಸುಮಾರು ಒಂದೂವರೆ ತಿಂಗಳು ಸೂರ್ಯನ ಮುಖವೇ ಕಾಣದು. ವಿದೇಶಿಯರಿಗೆ ವೀಸಾ ಮಾತ್ರ ಸಾಲದು, ವಿಶೇಷ ಅನುಮತಿಯೂ ಬೇಕು. ಇಷ್ಟು ಕಷ್ಟದ ಊರು ಎಂಬುದೇ ಕೆಲವರಿಗೆ ಆಕರ್ಷಣೆ. (ಹೋಗಿಬಂದೆ ಎಂದು ಹೇಳಿಕೊಳ್ಳುವ ಸುಖ ಸಣ್ಣದಲ್ಲ!)

ಈ ಊರನ್ನು ಕಟ್ಟಿದವರು ಕೈದಿಗಳು. 1935ರಿಂದ 1956ರವರೆಗೆ ಇಲ್ಲಿ ಸೆರೆಶಿಬಿರವಿತ್ತು. ನಿಕ್ಕಲ್, ತಾಮ್ರದ ಅದಿರಿಗಾಗಿ ದುಡಿದು ಸತ್ತ ಅನೇಕರನ್ನು ಶ್ಮಿಡ್ಟ್ ಬೆಟ್ಟದ ತಪ್ಪಲಲ್ಲಿ ಹೂಳಿದರು.

ಬದುಕುಳಿದವರಲ್ಲಿ ಒಬ್ಬರು ಅಮೆರಿಕದ ಯೇಸುಸಭೆಯ ಗುರು ವಂದನೀಯ ವಾಲ್ಟರ್ ಚಿಶೆಕ್. 1941ರಲ್ಲಿ ವ್ಯಾಟಿಕನ್ನಿನ ಗೂಢಚಾರನೆಂಬ ಆರೋಪದ ಮೇಲೆ ಬಂಧಿತರಾದ ಅವರಿಗೆ ಹದಿನೈದು ವರ್ಷಗಳ ಶಿಕ್ಷೆಯಾಯಿತು. ಶಿಬಿರದಲ್ಲಿ ಕಾವಲುಗಾರರ ಕಣ್ಣು ತಪ್ಪಿಸಿ, ಒಣದ್ರಾಕ್ಷಿಯಿಂದ ಮಾಡಿದ ದ್ರಾಕ್ಷಾರಸದಲ್ಲಿ ಬಲಿಪೂಜೆ ಅರ್ಪಿಸಿದರು. 1955ರಲ್ಲಿ ಬಿಡುಗಡೆಯಾದ ಮೇಲೂ ಅವರು ನೊರೀಲ್ಸ್ಕ್‌ನಲ್ಲೇ ಇದ್ದು ಜನರ ಸೇವೆ ಮಾಡಿದರು. ಆ ಸೇವೆಗಾಗಿಯೇ 1958ರಲ್ಲಿ ಅಧಿಕಾರಿಗಳು ಅವರನ್ನು ಊರಿನಿಂದ ಹೊರಹಾಕಿದರು. ಅವರು ತಾಯ್ನಾಡಿಗೆ ಮರಳಿದ್ದು 1963ರಲ್ಲಿ.

ಹಾಗಾದರೆ ಇಂತಹ ನೆಲವನ್ನು ನೋಡಲು ಹೋಗುವುದು ತಪ್ಪೇ? ಪರರ ಸಂಕಟವನ್ನು ನೋಟವಾಗಿಸಬಾರದು, ಹೋಗಲೇಬಾರದು ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಅಷ್ಟು ದೂರದಲ್ಲಿ ಶಿಬಿರ ಕಟ್ಟಿದವರಿಗೆ, ಅಲ್ಲಿ ನಡೆಯುವುದನ್ನು ಯಾರೂ ನೋಡದಿರುವುದೇ ಅನುಕೂಲವಾಗಿತ್ತು. ನಾವೂ ನೋಡದೆ ಉಳಿದರೆ ಅವರ ಕೆಲಸವನ್ನೇ ಮುಂದುವರಿಸಿದಂತಾಗುತ್ತದೆ. ಬೆಟ್ಟದ ತಪ್ಪಲಲ್ಲಿ ಸ್ಮಾರಕಗಳನ್ನು ನಿಲ್ಲಿಸಿದವರು ಯಾರಾದರೂ ಬಂದು ನಿಲ್ಲಲಿ ಎಂದೇ ನಿಲ್ಲಿಸಿದ್ದಾರಲ್ಲವೇ?

ನನಗೆ ಹೆಚ್ಚು ಕಷ್ಟವೆನಿಸುವುದು ಸತ್ತವರ ವಿಷಯವಲ್ಲ, ಬದುಕಿರುವವರ ವಿಷಯ. ಅಲ್ಲಿ ಇಂದು ಸುಮಾರು ಒಂದೂಮುಕ್ಕಾಲು ಲಕ್ಷ ಜನರಿದ್ದಾರೆ. ಸೋವಿಯತ್ ಕಾಲದಿಂದಲೂ ಹೆಚ್ಚಿನ ಸಂಬಳಕ್ಕೆಂದು ಉತ್ತರಕ್ಕೆ ಬಂದು ನೆಲೆಸಿದ ಕುಟುಂಬಗಳಿವು. ಸಮುದ್ರದ ನಡುವಿನ ದ್ವೀಪದಲ್ಲಿರುವವರಂತೆ, ದೇಶದ ಉಳಿದ ಭಾಗವನ್ನು ಅವರು 'ಭೂಖಂಡ' ಎಂದು ಕರೆಯುತ್ತಾರೆ. ಕಾರ್ಖಾನೆಯ ಗಂಧಕದ ಹೊಗೆ ಸುತ್ತಲಿನ ಕಾಡನ್ನು ಸುಟ್ಟಿದೆ. 2020ರ ಮೇ ತಿಂಗಳಲ್ಲಿ ಒಂದು ತೊಟ್ಟಿ ಕುಸಿದು ಸುಮಾರು 21,000 ಟನ್ ಡೀಸೆಲ್ ಹರಿದು, ನದಿ ಕೆಂಪಾಯಿತು. ಪ್ರವಾಸಿ ಇದನ್ನೆಲ್ಲ ನೋಡುತ್ತಾನೆ, ಫೋಟೊ ತೆಗೆಯುತ್ತಾನೆ, 'ಅಯ್ಯೋ ಪಾಪ' ಎನ್ನುತ್ತಾನೆ. ಆ ಕನಿಕರವನ್ನು ಅವರು ಕೇಳಿರಲಿಲ್ಲ. ಮತ್ತೊಬ್ಬರ ಮನೆಗೆ ಹೋಗಿ, ಗೋಡೆಯ ಬಿರುಕನ್ನು ಎಣಿಸುತ್ತಾ ಕೂರುವ ಅತಿಥಿಯನ್ನು ಯಾರು ತಾನೇ ಮೆಚ್ಚುತ್ತಾರೆ?

ಹಿಮಬಿರುಗಾಳಿ ಪ್ರವಾಸಿಗೆ ಒಂದು ಅನುಭವ. ನೊರೀಲ್ಸ್ಕ್‌ನ ತಾಯಿಗೆ ಅದು ಶಾಲೆಗೆ ರಜೆ ಕೊಟ್ಟ ದಿನ: ಮಕ್ಕಳು ಮನೆಯಲ್ಲಿ, ಗಂಡ ಪಾಳಿಯಲ್ಲಿ, ಕಿಟಕಿಯ ಹೊರಗೆ ಮಧ್ಯಾಹ್ನದ ಕತ್ತಲೆ.