ಹಿಂದಿನ ಬಾಕಿ

ನನ್ನ ಮೇಜಿನ ಮೇಲೆ ಹನ್ನೊಂದು ವರ್ಷಗಳಿಂದ ತೊಗಲಿನ ಹೊದಿಕೆಯೊಂದು ಇದೆ. ಕಂದುಬಣ್ಣದ ಒಂದೇ ತುಂಡು ಚರ್ಮ, ನಡುವೆ ಒಂದು ಮಡಿಕೆ, ಮಡಿಕೆಯ ಉದ್ದಕ್ಕೂ ಹಾಯ್ದಿರುವ ಎಲಾಸ್ಟಿಕ್ ದಾರ, ಆ ದಾರಕ್ಕೆ ಸಿಕ್ಕಿಸಿದ 64 ಪುಟಗಳ ತೆಳ್ಳನೆಯ ಒಳಪುಸ್ತಕ. ಇಷ್ಟೇ ಅದರ ಸಂಸಾರ. ಬೆಳಗಿನ ಕಾಫಿಯಾದ ಮೇಲೆ ಆ ದಿನ ಮಾಡತಕ್ಕ ಕೆಲಸಗಳನ್ನು ಎಡಪುಟದಲ್ಲಿ ಪಟ್ಟಿಮಾಡುವುದು, ರಾತ್ರಿ ದೀಪವಾರಿಸುವ ಮುನ್ನ ನಿಜವಾಗಿ ನಡೆದದ್ದನ್ನು ಬಲಪುಟದಲ್ಲಿ ಬರೆದಿಡುವುದು, ಇದು ನನ್ನ ಅಭ್ಯಾಸ. ಎಡಪುಟವು ಸಂಕಲ್ಪ, ಬಲಪುಟವು ಫಲ. ಎರಡೂ ಒಂದಕ್ಕೊಂದು ಹೊಂದಿದ ದಿನಗಳು ವಿರಳ. ತಿಂಗಳಿಗೊಂದು ಒಳಪುಸ್ತಕ ತುಂಬುತ್ತದೆ. ತುಂಬಿದ್ದನ್ನು ದಾರದಿಂದ ಬಿಡಿಸಿ, ಮೇಲೆ ತಿಂಗಳ ಹೆಸರು ಬರೆದು, ತಗಡಿನ ಪೆಟ್ಟಿಗೆಗೆ ಹಾಕಿ ಹೊಸದನ್ನು ಸಿಕ್ಕಿಸುತ್ತೇನೆ.

ಹೀಗೆ ಹಳೆಯದನ್ನು ಬಿಡಿಸಿ ಹೊಸದನ್ನು ಇನ್ನೂ ಸಿಕ್ಕಿಸದೆ ಇದ್ದ ಒಂದು ಸಂಜೆ, ಒಳಕೋಣೆಯಲ್ಲಿ ಕುಳಿತಿದ್ದ ನಾನು ಅದನ್ನು ಮರೆತು, ‘ನನ್ನ ಪುಸ್ತಕ ತಗೊಂಡು ಬಾರಮ್ಮ’ ಎಂದು ಸೊಸೆಯನ್ನು ಕೇಳಿದೆ. ಅವಳು ಹೊದಿಕೆಯನ್ನು ತಂದುಕೊಟ್ಟಳು. ತೆರೆದು ನೋಡಿದರೆ ಒಳಗೆ ಒಂದು ಹಾಳೆಯೂ ಇಲ್ಲ. ಅವಳದು ತಪ್ಪಲ್ಲ, ನನ್ನ ಪುಸ್ತಕವೆಂದರೆ ಮನೆಯವರಿಗೆಲ್ಲ ಆ ತೊಗಲೇ. ಆದರೆ ಅಕ್ಷರವೊಂದೂ ಇಲ್ಲದ ಆ ತೊಗಲನ್ನು ಕೈಯಲ್ಲಿ ಹಿಡಿದುಕೊಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪುಸ್ತಕವು ಇಲ್ಲಿದೆಯೋ, ಅಥವಾ ಆ ತಗಡಿನ ಪೆಟ್ಟಿಗೆಯಲ್ಲಿದೆಯೋ?

ಇದೇ ಪ್ರಶ್ನೆಯನ್ನು ಮನುಷ್ಯನ ವಿಷಯದಲ್ಲಿ ನಮ್ಮ ಹಿರಿಯರು ಕೇಳಿಕೊಂಡರು. ಜೀರ್ಣವಾದ ವಸ್ತ್ರವನ್ನು ಕಳೆದು ಹೊಸದನ್ನು ಉಟ್ಟುಕೊಳ್ಳುವವನಂತೆ ದೇಹಿಯು ಹಳೆಯ ದೇಹವನ್ನು ಬಿಟ್ಟು ಹೊಸದನ್ನು ಧರಿಸುವನೆಂಬುದು ಗೀತೆಯ ಎರಡನೆಯ ಅಧ್ಯಾಯದ ಉಪಮಾನ. ಸಾವಿನ ಮನೆಯಲ್ಲಿ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿರುವ ಆ ಉಪಮಾನವು ನನ್ನ ಈ ಪುಸ್ತಕದಲ್ಲಿ ತಲೆಕೆಳಗಾಗಿದೆ. ಅಲ್ಲಿ ಹೊರಗಿನದು ಸವೆದು ಬದಲಾಗುತ್ತದೆ, ಒಳಗಿನದು ನಿಲ್ಲುತ್ತದೆ. ಇಲ್ಲಿಯಾದರೋ ಹೊರಗಿನ ತೊಗಲು ನಿಲ್ಲುತ್ತದೆ, ಒಳಗಿನದು ತಿಂಗಳು ತಿಂಗಳಿಗೂ ಬದಲಾಗುತ್ತದೆ. ನನ್ನ ದಿನದಿನದ ಅನುಭವವನ್ನು ಪ್ರಾಮಾಣಿಕವಾಗಿ ವಿಚಾರಿಸಿ ನೋಡಿದರೆ ಈ ತಲೆಕೆಳಗಾದ ಉಪಮಾನವೇ ನನಗೆ ಹೆಚ್ಚು ಒಪ್ಪುವಂತೆ ಕಾಣುತ್ತದೆ. ಹನ್ನೊಂದು ವರ್ಷಗಳ ಹಿಂದಿನ ಒಳಪುಸ್ತಕವನ್ನು ತೆಗೆದು ಓದಿದರೆ ಅಲ್ಲಿ ಸಿಟ್ಟಾದವನು, ಆಸೆಪಟ್ಟವನು, ಅಂಜಿದವನು ಬೇರೆ ಯಾರೋ ಎನಿಸುತ್ತದೆ. ಅವನ ಮೂಗು ಮಾತ್ರ ನನ್ನದು.

ದೇಹವೇ ಆತ್ಮವೆಂದ ಚಾರ್ವಾಕನು ನನ್ನ ಸೊಸೆಯ ಪಕ್ಷ: ತೊಗಲೇ ಪುಸ್ತಕ. ಇದಕ್ಕೆ ಎದುರು ನಿಂತವನು ಇಂಗ್ಲೆಂಡಿನ ಜಾನ್ ಲಾಕ್. 1694ರಲ್ಲಿ ತನ್ನ ಮಹಾಗ್ರಂಥದ ಎರಡನೆಯ ಮುದ್ರಣಕ್ಕೆ ಸೇರಿಸಿದ ಅಧ್ಯಾಯವೊಂದರಲ್ಲಿ ಅವನು, ಒಬ್ಬ ವ್ಯಕ್ತಿಯನ್ನು ಅದೇ ವ್ಯಕ್ತಿಯನ್ನಾಗಿ ಉಳಿಸುವುದು ದೇಹವಲ್ಲ, ಹಿಂದಿನ ಕಾರ್ಯಗಳಿಗೂ ಚಾಚಿಕೊಳ್ಳುವ ಅರಿವು ಎಂದು ವಾದಿಸಿದನು. ನನ್ನ ಭಾಷೆಯಲ್ಲಿ ಹೇಳುವುದಾದರೆ ಪುಸ್ತಕವೆಂದರೆ ಪೆಟ್ಟಿಗೆಯೊಳಗಿನ ಪುಟಗಳು. ಬೌದ್ಧರು ಇನ್ನೂ ಮುಂದೆ ಹೋಗಿ, ಪುಸ್ತಕವೆಂಬುದೇ ಇಲ್ಲ, ಒಂದರ ಹಿಂದೊಂದು ಬರುವ ಪುಟಗಳ ಸಂತಾನವಷ್ಟೇ ಉಂಟು ಎಂದರು. ಜೈನರು ಎರಡನ್ನೂ ಒಪ್ಪುವ ಅನೇಕಾಂತದ ಹೃದಯವಂತಿಕೆಯಿಂದ, ಇರುವ ಪ್ರತಿಯೊಂದು ವಸ್ತುವಿನಲ್ಲಿಯೂ ಉತ್ಪಾದ, ವ್ಯಯ, ಧ್ರೌವ್ಯಗಳು ಮೂರೂ ಒಟ್ಟಿಗೇ ಇವೆಯೆಂದು ತೀರ್ಮಾನಿಸಿದರು. ಹುಟ್ಟು ಯಾವುದು, ಅಳಿವು ಯಾವುದು ಎಂಬುದು ನನಗೆ ತಿಂಗಳ ಕೊನೆಯಲ್ಲಿ ಕಣ್ಣಿಗೇ ಕಾಣುತ್ತದೆ. ಧ್ರೌವ್ಯ ಎಲ್ಲಿದೆ ಎಂಬುದೇ ತೊಡಕು.

ಈ ತೊಡಕನ್ನು ಬಿಡಿಸಲು ನನಗೆ ನೆರವಾದದ್ದು ಶಾಸ್ತ್ರವಲ್ಲ, ಎಡಪುಟದಲ್ಲಿದ್ದ ಒಂದು ಸಾಲು.

ಸಾಲು ಇದು: ‘ಮೇಷ್ಟರ ಪುಸ್ತಕ ಹಿಂದಿರುಗಿಸುವುದು.’ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟರಿಂದ ಗದುಗಿನ ಭಾರತದ ಹಳೆಯ ಪ್ರತಿಯೊಂದನ್ನು, ಅಂಚುಗಳಲ್ಲೆಲ್ಲ ಅವರೇ ಸೀಸದಕಡ್ಡಿಯಿಂದ ಅರ್ಥ ಬರೆದಿದ್ದದ್ದನ್ನು, ಎಂದೋ ಎರವಲು ತಂದಿದ್ದೆ. ಆ ಸಾಲು ಒಂದು ತಿಂಗಳ ಕೊನೆಯ ಪುಟದಿಂದ ಮುಂದಿನ ತಿಂಗಳ ಮೊದಲ ಪುಟಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ, ಹೀಗೆ ಏಳು ಒಳಪುಸ್ತಕಗಳನ್ನು ದಾಟಿತು. ಪ್ರತಿ ಸಲವೂ ಹೊಸ ಪುಟದ ನೆತ್ತಿಯಲ್ಲಿ ‘ಹಿಂದಿನ ಬಾಕಿ’ ಎಂದು ಬರೆದು ಅದರ ಕೆಳಗೆ ಇದನ್ನು ಇಳಿಸುತ್ತಿದ್ದೆ. ಕಡೆಗೆ ಒಂದು ಭಾನುವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆ.

ಮೇಷ್ಟರು ಜಗಲಿಯ ಮೇಲೆ ಕುರ್ಚಿಯಲ್ಲಿದ್ದರು. ಅವರ ಮಗನು ಮೊದಲೇ ಮೆಲ್ಲಗೆ ಹೇಳಿದ್ದನು, ಅಪ್ಪನಿಗೆ ಈಗ ಯಾರ ನೆನಪೂ ಇಲ್ಲವೆಂದು. ನಾನು ನಮಸ್ಕರಿಸಿದೆ. ನಲವತ್ತು ವರ್ಷಗಳ ಕಾಲ ‘ಏನಯ್ಯ, ಬಾರಯ್ಯ’ ಎಂದು ಕರೆದವರು ಅಂದು ಮೇಲೆದ್ದು ನಿಲ್ಲಲು ಯತ್ನಿಸಿ, ‘ಬನ್ನಿ, ಬನ್ನಿ, ತಾವು ಎಲ್ಲಿಂದ ಬಂದಿರಿ?’ ಎಂದರು. ಬಹುವಚನವು ಅಷ್ಟು ನೋಯಿಸಬಲ್ಲದೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಪುಸ್ತಕವನ್ನು ಅವರ ಕೈಯಲ್ಲಿಟ್ಟೆ. ಮೊದಲ ಹಾಳೆಯಲ್ಲಿ ತಮ್ಮದೇ ದುಂಡನೆಯ ಅಕ್ಷರದಲ್ಲಿದ್ದ ತಮ್ಮದೇ ಹೆಸರನ್ನು ಬೆರಳಿಟ್ಟು ಓದಿ, ‘ಇವರು ಯಾರು? ಅಕ್ಷರ ಬಹಳ ಚೆನ್ನಾಗಿದೆ’ ಎಂದರು.

ಹಿಂದಿರುಗುವಾಗ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಲಾಕನನ್ನು ನೆನೆದೆ. ಅವನ ಮಾತು ನಿಜವಾಗಿದ್ದರೆ ನನಗೆ ಪುಸ್ತಕ ಕೊಟ್ಟವರು ಈಗ ಇಲ್ಲ. ಸಾಲಿಗನಿಲ್ಲದ ಸಾಲವೂ ಇಲ್ಲ. ಆ ಸಾಲನ್ನು ನಾನು ಎಂದೋ ಹೊಡೆದುಹಾಕಬಹುದಾಗಿತ್ತು. ಆದರೆ ಹಾಗೆ ಮಾಡಿದ್ದರೆ ಅದು ವಂಚನೆಯಾಗುತ್ತಿತ್ತೆಂಬುದು ಯಾವ ತರ್ಕದ ಸಹಾಯವೂ ಇಲ್ಲದೆ ನನಗೆ ಗೊತ್ತಿತ್ತು. ಅವರ ಪುಟಗಳೆಲ್ಲ ಉದುರಿಹೋದ ಮೇಲೆಯೂ ಅವರಿಗೆ ಸಲ್ಲಬೇಕಾದದ್ದು ಅವರಿಗೇ ಸಲ್ಲಬೇಕಾಗಿತ್ತು. ಅವರು ಇಂದಿಗೂ ನನ್ನ ಮೇಷ್ಟರಾಗಿ ಉಳಿದಿದ್ದರೆ, ಅದು ಅವರ ನೆನಪಿನಿಂದಲ್ಲ, ನನ್ನ ಋಣದಿಂದ.

ಯವನರಾಜ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವನ್ನು ಹೇಳುವ ಪಾಳಿ ಗ್ರಂಥದಲ್ಲಿ ದೀಪದ ದೃಷ್ಟಾಂತವೊಂದು ಬರುತ್ತದೆ: ರಾತ್ರಿಯ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಇದನ್ನು ಎಲ್ಲರೂ ಬಲ್ಲರು. ನನಗೆ ಹೆಚ್ಚು ಪ್ರಿಯವಾದದ್ದು ಅದೇ ಗ್ರಂಥದ ಮಾವಿನಹಣ್ಣಿನ ದೃಷ್ಟಾಂತ. ಒಬ್ಬನು ಇನ್ನೊಬ್ಬನ ತೋಟದ ಮಾವಿನಹಣ್ಣುಗಳನ್ನು ಕದ್ದು ಸಿಕ್ಕಿಬಿದ್ದು, ತೋಟದವನು ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ, ಆದ್ದರಿಂದ ತಾನು ಕಳ್ಳನಲ್ಲ ಎಂದು ವಾದಿಸಿದರೆ ರಾಜನು ಬಿಟ್ಟಾನೆಯೆ? ನೆಟ್ಟ ಬೀಜವಿಲ್ಲದೆ ಕಿತ್ತ ಹಣ್ಣು ಇಲ್ಲವಾದ್ದರಿಂದ ಅವನು ಶಿಕ್ಷಾರ್ಹನೇ. ಆತ್ಮವೆಂಬ ಸ್ಥಿರವಸ್ತುವನ್ನು ಒಪ್ಪದ ಬೌದ್ಧನು ಕೂಡ ಹೊಣೆಯನ್ನು ಕೈಬಿಡಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಆತ್ಮದ ವಿಷಯದಲ್ಲಿ ಹಾವು ಮುಂಗುಸಿಗಳಂತೆ ಕಾದಾಡಿದ ದರ್ಶನಗಳು ಮಾಡಿದ್ದುಣ್ಣಬೇಕೆಂಬಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಹೊರತಾಗಿರುವವನು ಚಾರ್ವಾಕನೊಬ್ಬನೇ, ಸಾಲ ಮಾಡಿಯಾದರೂ ತುಪ್ಪ ಕುಡಿಯೆಂದು ಬೋಧಿಸಿದನೆಂಬ ಅಪವಾದವು ಅವನ ಮೇಲೆಯೇ ಬಂದದ್ದು ಆಕಸ್ಮಿಕವಲ್ಲವೇನೋ.

ಹಾಗಾದರೆ ಹಳೆಯದನ್ನು ಒರಸಿ ಹೊಸದಾಗಿ ಆರಂಭಿಸುವ ಸ್ವಾತಂತ್ರ್ಯವೇ ಮನುಷ್ಯನಿಗೆ ಇಲ್ಲವೆ? ಒರಸುವ ಪುಸ್ತಕಗಳೂ ಲೋಕದಲ್ಲಿ ಇದ್ದುವು. ನಮ್ಮ ನಾಡಿನ ಕಡತವು ಅಂಥದು: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬಿಳಿಯಕ್ಷರಗಳನ್ನು ಬರೆಯುತ್ತಿದ್ದರು, ಬೇಡವಾದಾಗ ಒರಸಿ, ಮತ್ತೆ ಕಪ್ಪು ಬಳಿದು, ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಹಳೆಯ ದಾಖಲೆಗಳು ಅನೇಕವು ಕಡತಗಳಲ್ಲಿಯೇ ಉಳಿದು ಬಂದಿವೆ. ಸಮುದ್ರದಾಚೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ಇದರ ಸೋದರನಂಥ ಪುಸ್ತಕವನ್ನು ಇಟ್ಟುಕೊಂಡಿದ್ದನೆಂದು ಅವನ ಆತ್ಮಚರಿತ್ರೆ ಹೇಳುತ್ತದೆ. 13 ಸದ್ಗುಣಗಳನ್ನು ಆರಿಸಿಕೊಂಡು, ವಾರಕ್ಕೆ ಒಂದರಂತೆ ಸಾಧಿಸುತ್ತ, ವರ್ಷಕ್ಕೆ ನಾಲ್ಕು ಆವೃತ್ತಿ ಮುಗಿಸಬೇಕೆಂಬುದು ಅವನ ಯೋಜನೆ. ತಪ್ಪಿದಾಗಲೆಲ್ಲ ಆ ದಿನದ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತುಬಿದ್ದಾಗ ಅವನು ದಂತದ ಹಾಳೆಗಳಿಗೆ ಮೊರೆಹೊಕ್ಕನು: ಗೆರೆಗಳು ಅಳಿಯದ ಕೆಂಪು ಶಾಯಿಯವು, ಚುಕ್ಕೆಗಳು ಒದ್ದೆ ಸ್ಪಂಜಿಗೆ ಅಳಿಯುವ ಸೀಸದಕಡ್ಡಿಯವು. ಆ ಹದಿಮೂರರಲ್ಲಿ ತನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅಚ್ಚುಕಟ್ಟೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಪಟ್ಟಿಮಾಡುವವರಿಗೆಲ್ಲ ಇದೊಂದು ಸಮಾಧಾನ.

ಒರಸುವ ಪುಸ್ತಕ ಒಂದು ದಾರಿಯಾದರೆ, ನಮ್ಮ ಅಂಗಡಿಯವರ ಕೀರ್ದಿ ಇನ್ನೊಂದು. ಬಲಿಪಾಡ್ಯಮಿಯ ದಿನ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮವಿಟ್ಟು, ಮೊದಲ ಹಾಳೆಯ ಮೇಲೆ ‘ಶ್ರೀ’ ಎಂದು ಬರೆದು, ಲಕ್ಷ್ಮಿಗೆ ಕೈಮುಗಿಯುತ್ತಾರೆ. ಪುಸ್ತಕ ಹೊಸದು, ವರ್ಷ ಹೊಸದು. ಆದರೆ ಪೂಜೆ ಮುಗಿದ ಮೇಲೆ ಕುಳಿತು ಅವರು ಮಾಡುವ ಮೊದಲ ಕೆಲಸವೇನು? ಹಳೆಯ ಪುಸ್ತಕದ ಬಾಕಿಗಳನ್ನು, ಬರಬೇಕಾದ್ದು ಕೊಡಬೇಕಾದ್ದು ಎರಡನ್ನೂ, ಹೊಸದಕ್ಕೆ ಇಳಿಸುವುದು. ಹಾಗೆ ಇಳಿಸದ ಅಂಗಡಿಗೆ ಹೊಸ ವರ್ಷ ಬರುವುದಿಲ್ಲ, ದಿವಾಳಿ ಬರುತ್ತದೆ. ಫ್ರಾಂಕ್ಲಿನ್ನನ ದಂತದ ಹಾಳೆ ಪ್ರಾಯಶ್ಚಿತ್ತದ ಪುಸ್ತಕ, ವರ್ತಕನ ಕೀರ್ದಿ ಕರ್ಮದ ಪುಸ್ತಕ. ಎರಡೂ ಬೇಕೆಂಬುದು ನನ್ನ ಮತ. ತಪ್ಪಿನ ಚುಕ್ಕೆಯನ್ನು ಒರಸಿಕೊಳ್ಳದಿದ್ದರೆ ಮನುಷ್ಯನು ನಾಚಿಕೆಯ ಭಾರದಲ್ಲಿಯೇ ಕುಸಿದಾನು. ಋಣದ ಸಾಲನ್ನೂ ಅದರೊಡನೆ ಒರಸಿಬಿಟ್ಟರೆ ಒರಸಿದ ಕೈಯೇ ಯಾರದೆಂದು ತಿಳಿಯದೆ ಹೋದೀತು. ವೇದವು ಬ್ರಾಹ್ಮಣನನ್ನು ಹುಟ್ಟುವಾಗಲೇ ಋಷಿಗಳಿಗೂ ದೇವತೆಗಳಿಗೂ ಪಿತೃಗಳಿಗೂ ಋಣಿಯೆಂದು ಕರೆಯಿತು. ಇದು ಬ್ರಾಹ್ಮಣನೊಬ್ಬನ ಮಾತಲ್ಲ, ಹುಟ್ಟಿದವರೆಲ್ಲರ ಮಾತೆಂದು ನಾನು ತಿಳಿಯುತ್ತೇನೆ. ನಾವು ಮೊದಲು ಯಾರೋ ಆಗಿದ್ದು ಆಮೇಲೆ ಋಣಿಗಳಾಗುವುದಿಲ್ಲ. ಋಣಿಗಳಾಗಿರುವುದರಿಂದಲೇ ಯಾರೋ ಆಗುತ್ತೇವೆ. ನಾನು ಹುಡುಕುತ್ತಿದ್ದ ಧ್ರೌವ್ಯವು ತೊಗಲಿನಲ್ಲಿಯೂ ಇಲ್ಲ, ಪುಟಗಳಲ್ಲಿಯೂ ಇಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಬಾಕಿಯನ್ನು ಇಳಿಸುವ ಆ ಸಣ್ಣ ಕ್ರಿಯೆಯಲ್ಲಿದೆ.

ತೊಗಲನ್ನು ಇಷ್ಟು ಸುಲಭವಾಗಿ ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲ. ಅದು ಒಂದು ಕಾಲಕ್ಕೆ ಇನ್ನೊಂದು ಜೀವದ ಮೈಯಾಗಿತ್ತು. ನನ್ನ ಪುಸ್ತಕದ ಮೊದಲ ಬಾಕಿ ಅದೇ. ಕೃಷ್ಣಾಜಿನದ ಮೇಲೆ ಕುಳಿತು ಜಪಮಾಡಿ, ಮೃದಂಗದ ಚರ್ಮದಿಂದ ದೇವರನ್ನು ಒಲಿಸಿ, ಚರ್ಮವನ್ನು ಹದಮಾಡಿದವನನ್ನು ಮಾತ್ರ ಊರ ಹೊರಗೆ ನಿಲ್ಲಿಸಿದ ಸಮಾಜದ ಬಾಕಿಯೂ ಅದರಲ್ಲಿ ಸೇರಿದೆ. ‘ಹದ’ವೆಂಬುದು ಎಂಥ ಮಾತು! ಮಣ್ಣಿಗೂ ಅಡುಗೆಗೂ ಚರ್ಮಕ್ಕೂ ನಮ್ಮಲ್ಲಿ ಅದೊಂದೇ ಮಾತು. ತಂಗಡಿಯ ತೊಗಟೆಯ ನೀರಿನಲ್ಲಿ, ಅಳಲೆಕಾಯಿಯ ಒಗರಿನಲ್ಲಿ ದಿನಗಟ್ಟಲೆ ನೆನೆದಲ್ಲದೆ ಕೊಳೆಯುವ ತೊಗಲು ಬಾಳುವ ಚರ್ಮವಾಗುತ್ತಿರಲಿಲ್ಲ. ದಿನಗಳೂ ಹಾಗೆಯೇ, ಒಗರಿನಲ್ಲಿ ನೆನೆಸದೆ ಬಿಟ್ಟರೆ ಕೊಳೆತುಹೋಗುತ್ತವೆ.

ಕಲ್ಯಾಣದ ಹರಳಯ್ಯನ ಕಥೆ ಕನ್ನಡಿಗರಿಗೆ ಹೊಸದಲ್ಲ. ಅವನು ಬಸವಣ್ಣನಿಗೆ ‘ಶರಣು’ ಎಂದನಂತೆ. ಬಸವಣ್ಣನು ‘ಶರಣು ಶರಣಾರ್ಥಿ’ ಎಂದನಂತೆ. ತಾನು ಕೊಟ್ಟದ್ದು ಒಂದು ಶರಣು, ಬಂದದ್ದು ಎರಡು. ಆ ಹೆಚ್ಚಿನ ಒಂದು ಮಾತಿನ ಋಣವನ್ನು ಹೇಗೆ ತೀರಿಸಲೆಂದು ಮರುಗಿ, ಹರಳಯ್ಯನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದು ತಂದರು. ಬಸವಣ್ಣನು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತನು. ಚಿಕ್ಕಂದಿನಲ್ಲಿ ಇದನ್ನು ಭಕ್ತಿಯ ಅತಿಶಯವೆಂದು ಕೇಳಿದ್ದೆ. ಈಗ ಲೆಕ್ಕದ ಕಥೆಯಾಗಿ ಕೇಳಿಸುತ್ತದೆ. ತೀರಿಸಲು ಹೋದವನು ಋಣವನ್ನು ಇನ್ನಷ್ಟು ಬೆಳೆಸಿ ಬಂದನು. ಮಾತಿನ ಸಾಲ ಚರ್ಮವಾಯಿತು, ಚರ್ಮದ ಸಾಲ ತಲೆಯ ಮೇಲೇರಿತು. ಬೇಡಿದವರಿಲ್ಲ, ಬರೆದಿಟ್ಟವರಿಲ್ಲ, ಆದರೂ ಇಬ್ಬರಲ್ಲಿ ಒಬ್ಬನೂ ಬಾಕಿಯನ್ನು ಹೊಡೆದುಹಾಕಲಿಲ್ಲ.

ಮೇಷ್ಟರ ಮನೆಯಿಂದ ನಾನು ಹೊರಟದ್ದನ್ನು ಪೂರ್ತಿಯಾಗಿ ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಅವರು ಭಾರತವನ್ನು ತೊಡೆಯ ಮೇಲಿಟ್ಟುಕೊಂಡು, ಅಂಚಿನ ಬರಹವನ್ನು ಸವರುತ್ತ ಕುಳಿತಿದ್ದರು. ತಲೆಯೆತ್ತಿ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಪುಸ್ತಕವನ್ನು ಎರಡೂ ಕೈಯಿಂದ ಎತ್ತಿ ನನ್ನ ಕಡೆಗೆ ಚಾಚಿದರು. ‘ತಮಗೆ ಓದುವ ಅಭ್ಯಾಸವಿದ್ದ ಹಾಗಿದೆ. ತೆಗೆದುಕೊಂಡು ಹೋಗಿ, ಓದಿಯಾದ ಮೇಲೆ ಮರೆಯದೆ ತಂದುಕೊಡಿ.’

ಮಗನು ತಡೆಯಹೋದನು, ನಾನು ಅವನಿಗೆ ಕಣ್ಣಿನಲ್ಲಿಯೇ ಬೇಡವೆಂದು ಹೇಳಿ ಕೈಯೊಡ್ಡಿದೆ. ಊರಿಗೆ ಬಂದ ರಾತ್ರಿ ಹೊಸ ಒಳಪುಸ್ತಕವನ್ನು ದಾರಕ್ಕೆ ಸಿಕ್ಕಿಸಿ, ಎಡಪುಟದ ನೆತ್ತಿಯಲ್ಲಿ ‘ಹಿಂದಿನ ಬಾಕಿ’ ಎಂದು ಬರೆದು, ಅದರ ಕೆಳಗೆ ಮೇಷ್ಟರ ಪುಸ್ತಕವನ್ನು ಮತ್ತೆ ಇಳಿಸಿದೆ.