ಡೈರೆಕ್ಟ್

ಟ್ರ್ಯಾಕ್ಟರಿನ ವಾಯರಿಂಗಿಗೂ ನಮ್ಮಂಥ ಹೆಂಗಸರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕುಲಗೋಡವೆಂದರೆ ಹೊರಗಿನವರಿಗೆ ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಒಳಗಿರುವ ನಮಗೆ ಮಾತ್ರ ಹಂಗಾಮು ಬಂತೆಂದರೆ ಕಬ್ಬು, ಕಾರ್ಖಾನೆ, ಟ್ರ್ಯಾಕ್ಟರು, ಇವು ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳ ಕಿವಿಗೂ ಗೇರು, ಕ್ಲಚ್ಚು ಬೀಳುತ್ತಲೇ ಇರುತ್ತವೆ.

ನನ್ನ ಮೈದುನನ ಟ್ರ್ಯಾಕ್ಟರಿಗೆ ಮೂವತ್ತು ವರ್ಷ ದಾಟಿದೆ. ಒಂದು ಹಂಗಾಮಿನಲ್ಲಿ ಅದು ಬೆಳಿಗ್ಗೆ ಬೆಳಿಗ್ಗೆ ಮುನಿಸಿಕೊಂಡಿತು. ಕೀ ತಿರುವಿದರೆ ಸದ್ದೇ ಇಲ್ಲ. ಬ್ಯಾಟರಿ ಚೆನ್ನಾಗಿದೆ, ಸೆಲ್ಫೂ ಚೆನ್ನಾಗಿದೆ. ಮಿಸ್ತ್ರಿ ಬಂದು ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕಿದ. ಗೇರಿನ ಬುಡದಲ್ಲಿದ್ದ ಸಣ್ಣ ಸ್ವಿಚ್ಚು ಸವೆದು ಹೋಗಿತ್ತು. "ಇದೇನ್ ಬೇಕಾಗಿಲ್ರೀ, ಡೈರೆಕ್ಟ್ ಮಾಡ್ತೀನಿ" ಎಂದವನೇ ಎರಡು ವಾಯರಿನ ತುದಿ ಹೊಸೆದು ಟೇಪು ಸುತ್ತಿದ. ಇಂಜಿನ್ನು ಹತ್ತಿಕೊಂಡಿತು. ಐದು ನಿಮಿಷದ ಕೆಲಸ.

ಆ ಸ್ವಿಚ್ಚಿನ ಕೆಲಸವೇನೆಂದು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಸೆಲ್ಫ್ ತಿರುಗಲು ನೂರಾರು ಆಂಪಿಯರ್ ಕರೆಂಟು ಬೇಕು. ಅದು ದಪ್ಪ ಕೇಬಲ್ಲಿನಲ್ಲಿ ಹರಿಯುತ್ತದೆ. ಕೀಲಿಯಿಂದ ಹೋಗುವ ತೆಳು ವಾಯರು ಬರೀ 'ಈಗ ತಿರುಗು' ಎಂದು ಅಪ್ಪಣೆ ಕೊಡುವಂಥದು. ಆ ತೆಳು ವಾಯರಿನ ನಡುವೆ ಈ ಸ್ವಿಚ್ಚು ಕೂತಿರುತ್ತದೆ. ಗೇರು ನ್ಯೂಟ್ರಲ್ಲಿನಲ್ಲಿ ಇಲ್ಲದಿದ್ದರೆ ಅಪ್ಪಣೆ ಮುಂದೆ ಹೋಗಗೊಡುವುದಿಲ್ಲ. ಅದಿಲ್ಲದ ಟ್ರ್ಯಾಕ್ಟರು ಗೇರಿನಲ್ಲಿದ್ದಾಗ ಕೀ ತಿರುವಿದರೆ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಡೀಸೆಲ್ ಇಂಜಿನ್ನು, ಒಮ್ಮೆ ಹತ್ತಿಕೊಂಡರೆ ಕೀ ಬಿಟ್ಟರೂ ನಿಲ್ಲುವುದಿಲ್ಲ. ಕೆಳಗೆ ನಿಂತು ಸೆಲ್ಫಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುವವರನ್ನು ನೀವೂ ನೋಡಿರಬಹುದು. ಅವರು ನಿಂತಿರುವುದು ಸರಿಯಾಗಿ ಹಿಂದಿನ ದೊಡ್ಡ ಗಾಲಿಯ ದಾರಿಯಲ್ಲಿ.

ಸಂಜೆ ಊಟಕ್ಕೆ ಕೂತಾಗ ಮೈದುನನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು. "ವೈನೀ, ನಡಸಾಂವ ನಾನ. ಇಷ್ಟ ವರ್ಷ ಆತು, ಗೇರ್‌ನ್ಯಾಗ ಐತೋ ಇಲ್ಲೋ ನನಗ ಗೊತ್ತಾಗೂದಿಲ್ಲೇನು?"

ಗೊತ್ತಾಗುತ್ತದೆ. ತೊಡಕು ಇರುವುದೇ ಅಲ್ಲಿ. ಅವನ ಮಾತು ಸುಳ್ಳಾಗಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಕುಶಲನಾದವನು ತನ್ನ ಕೈಯನ್ನು ತಾನು ನಂಬುವುದು ತಪ್ಪೇ? ಅಲ್ಲ. ಆದರೆ ನಂಬಿಕೆ ಅವನದು, ಗಾಲಿಯ ಕೆಳಗಿನ ಜಾಗ ಯಾರದು? ನಮ್ಮಲ್ಲಿ ಕಬ್ಬು ಕಡಿಯಲು ಬೀಡ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ತಾಯಂದಿರು ಬಿಸಿಲಲ್ಲಿ ಕಡಿಯುತ್ತಾರೆ, ಕೂಸುಗಳನ್ನು ಟ್ರ್ಯಾಕ್ಟರಿನ ನೆರಳಿನಲ್ಲಿ ಮಲಗಿಸುತ್ತಾರೆ. ಬಯಲು ಹೊಲದಲ್ಲಿ ಬೇರೆ ನೆರಳೆಲ್ಲಿದೆ? ಅವರನ್ನು ಯಾರೂ ಕೇಳಲಿಲ್ಲ. ಅವರ ಭಾಷೆಯೇ ನಮ್ಮದಲ್ಲ. ಇನ್ನು ನನ್ನ ಎಂಟನೆಯ ಇಯತ್ತೆಯ ಹುಡುಗರು, "ಅಕ್ಕೋರ, ನಾ ನಿನ್ನೆ ಟ್ರ್ಯಾಕ್ಟರ್ ಚಾಲೂ ಮಾಡಿದ್ನ್ರಿ" ಎಂದು ಎದೆ ಉಬ್ಬಿಸಿ ಹೇಳುತ್ತಾರೆ. ಮೈದುನನ ಮಗನೂ ಅದೇ ವಯಸ್ಸಿನವನು.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಫರ್ಗ್ಯುಸನ್ ಎಂಬ ಸಣ್ಣ ಬೂದು ಬಣ್ಣದ ಟ್ರ್ಯಾಕ್ಟರು ತಯಾರಾಗುತ್ತಿತ್ತು. ಐದು ಲಕ್ಷಕ್ಕೂ ಮಿಕ್ಕಿ ಹೊರಬಂದವು. ಅದರಲ್ಲಿ ಸೆಲ್ಫ್ ತಿರುಗಿಸಲು ಗೇರಿನ ಹಿಡಿಕೆಯನ್ನೇ 'ಎಸ್' ಎಂದು ಬರೆದ ಕಡೆ ಸರಿಸಬೇಕಿತ್ತು. ಹಿಡಿಕೆ ಒಂದೇ ಆದ್ದರಿಂದ ಗೇರಿನಲ್ಲಿಟ್ಟು ಚಾಲೂ ಮಾಡುವ ಮಾತೇ ಇಲ್ಲ. ಅದನ್ನು ಯೋಚಿಸಿದವರು ನಮ್ಮ ಹೊಲದ ಕೂಸುಗಳನ್ನು ಕಂಡವರಲ್ಲ. ದಣಿದವನೊಬ್ಬ, ಮನಸ್ಸು ಎಲ್ಲೋ ಇದ್ದವನೊಬ್ಬ, ಎಂದೋ ಒಂದು ದಿನ ಆ ಸೀಟಿನ ಮೇಲೆ ಕೂಡುತ್ತಾನೆ ಎಂದು ಎಣಿಸಿದ್ದರು, ಅಷ್ಟೆ.

ಇದರಲ್ಲಿ ಅಪಮಾನವೇನು ಬಂತು? ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯ ಪಾಕೀಟನ್ನು ಸಾಕ್ಷಿಗಳ ಮುಂದೆ ಒಡೆಯುತ್ತೇವೆ. ಹಾಗೆಂದು ನಮ್ಮನ್ನು ಯಾರೂ ಕಳ್ಳರೆಂದಂತಾಗಲಿಲ್ಲ.

ಗಂಡಸರದಷ್ಟೇ ಚಾಳಿ ಇದು ಎಂದೂ ಹೇಳಲಾರೆ. ಕುಕ್ಕರಿನ ಸೇಫ್ಟಿ ವಾಲ್ವ್ ಹೋದರೆ ಆ ತೂತಿಗೆ ಕೈಗೆ ಸಿಕ್ಕಿದ್ದು ತುರುಕುವವರಿದ್ದಾರೆ. ಸೀಟಿಯ ದಾರಿ ಕಟ್ಟಿಕೊಂಡಾಗ ಕರಗಿ ಆವಿಯನ್ನು ಹೊರಗೆ ಬಿಡಲೆಂದೇ ಅದನ್ನು ಇಟ್ಟದ್ದು. ಫ್ಯೂಜು ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಂತಿ ಕಟ್ಟಿಸಿ, ಈಗ ತ್ರಾಸಿಲ್ಲ ಎನ್ನುವ ಮನೆಗಳು ನಿಮ್ಮ ಓಣಿಯಲ್ಲೂ ಇರಬಹುದು. ಖಂಡೇನವಮಿಗೆ ಟ್ರ್ಯಾಕ್ಟರು ತೊಳೆದು, ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಡುವವರೂ ನಾವೇ. ಇಡಬಾರದೆಂದಲ್ಲ. ನಾನೂ ಇಡುತ್ತೇನೆ.

ಮೈದುನನ ಕಷ್ಟ ನನಗೆ ತಿಳಿಯದ್ದಲ್ಲ. ಕಡಿದ ಕಬ್ಬು ಹೊಲದಲ್ಲಿ ಬಿದ್ದರೆ ದಿನದಿನಕ್ಕೆ ತೂಕ ಇಳಿಯುತ್ತದೆ. ಅವತ್ತು ಸ್ವಿಚ್ಚಿಗಾಗಿ ಗೋಕಾಕಕ್ಕೆ ಓಡು ಎಂದು ಹೇಳುವ ಬಾಯಿ ನನಗೂ ಇರಲಿಲ್ಲ. "ಇವತ್ತಿಗಷ್ಟ" ಎಂದೇ ಅವನೂ ಅಂದಿದ್ದ. ಇವತ್ತು ನಾಳೆಯಾಯಿತು, ನಾಳೆ ಸಂಕ್ರಾಂತಿ ದಾಟಿತು. ಗಾಡಿ ನಡೆಯುತ್ತಿರುವಾಗ ಯಾರಿಗೆ ನೆನಪಾಗುತ್ತದೆ?

ಹಂಗಾಮು ಮುಗಿದ ಮೇಲೆ ಅವನೇ ಸ್ವಿಚ್ಚು ತಂದು ಹಾಕಿಸಿದ. ನನ್ನ ಮಾತಿಗೋ, ಮಗ ಸ್ಟಿಯರಿಂಗ್ ಹಿಡಿಯಲು ಹಟ ಮಾಡತೊಡಗಿದ್ದಕ್ಕೋ, ನಾನು ಕೇಳಲಿಲ್ಲ. ಆ ನಾಲ್ಕು ತಿಂಗಳು ಟ್ರ್ಯಾಕ್ಟರು ಎಷ್ಟೋ ಹೊಲಗಳಲ್ಲಿ ನಿಂತಿತು, ಅದರ ನೆರಳಲ್ಲಿ ಎಷ್ಟೋ ಕೂಸುಗಳು ನಿದ್ದೆ ಮಾಡಿ ಎದ್ದವು. ಏನೂ ಆಗಲಿಲ್ಲ. "ಏನರ ಆತೇನ್ರಿ ವೈನೀ?" ಎಂದು ಅವನು ಈಗಲೂ ನನ್ನನ್ನು ಕೇಳುತ್ತಾನೆ.