ಅನಮೋಡ ದಾಟಿದರೆ ಉಳಿಯುವ ಇನ್ನೂರು ರೂಪಾಯಿ

ಖಾನಾಪುರ, ರಾಮನಗರದ ಮೇಲೆ ಬರುವ ಹೆದ್ದಾರಿ ಅನಮೋಡದಲ್ಲಿ ಕರ್ನಾಟಕ ಮುಗಿಸಿ ಘಾಟಿ ಇಳಿದು ಮೊಲ್ಲೆಂ ಸೇರುತ್ತದೆ. ಜೋಯಿಡಾ, ಹಳಿಯಾಳ, ದಾಂಡೇಲಿ ಕಡೆಯ ಹುಡುಗರು ಹೋಟೆಲು, ಕಾರ್ಖಾನೆ, ಕಟ್ಟಡ ಕೆಲಸ ಹುಡುಕಿಕೊಂಡು ಗೋವಾಕ್ಕೆ ಇಳಿಯುವ ದಾರಿ ಇದು. ‘ಗೋವಾದಾಗ ಪಗಾರ ಕಟ್ ಆಗೂದಿಲ್ಲ, ಪೂರ್ತಿ ಕೈಗೆ ಬರ್ತದ’ ಎಂಬ ಮಾತು ಮೇಲೆ ಹತ್ತಿ ಬರುವುದೂ ಇದೇ ದಾರಿಯಲ್ಲಿ. ಆ ಮಾತನ್ನು ನಂಬಿ ಹೊರಡುವ ಮುನ್ನ ಪಗಾರ ಚೀಟಿಯ ಒಂದೊಂದು ಸಾಲನ್ನೂ ಓದಿ ನೋಡಬೇಕು.

ಮಾತಿನಲ್ಲಿ ನಿಜವಿಲ್ಲವೆಂದಲ್ಲ. ಕರ್ನಾಟಕದಲ್ಲಿ 1976ರ ಕಾಯ್ದೆಯಂತೆ ವೃತ್ತಿ ತೆರಿಗೆ ಇದೆ. ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಗಾರವಿದ್ದರೆ 200 ರೂಪಾಯಿ ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ಬಂದ ಬದಲಾವಣೆಯಿಂದಾಗಿ ಫೆಬ್ರುವರಿಯಲ್ಲಿ ಮಾತ್ರ 300. ವರ್ಷಕ್ಕೆ ಒಟ್ಟು 2,500. ಸಂವಿಧಾನದ 276ನೇ ವಿಧಿ ರಾಜ್ಯಗಳಿಗೆ ಹಾಕಿಕೊಟ್ಟ ಮಿತಿಯೂ ಅಷ್ಟೇ, 1988ರ ತಿದ್ದುಪಡಿಯಿಂದ ಅದು ಹಾಗೇ ಇದೆ. ಗೋವಾ ಈ ತೆರಿಗೆಯನ್ನು ಹಾಕಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆ ಇರುವ ಊರಲ್ಲ, ದುಡಿಯುವ ಊರು. ಅನಮೋಡದಲ್ಲಿ ಮನೆ ಇದ್ದು ಗೋವಾದಲ್ಲಿ ನೌಕರಿ ಮಾಡುವವರಿಗೆ ಇದು ಕಟ್ ಆಗುವುದಿಲ್ಲ.

ಆದರೆ ಗಡಿ ದಾಟುವ ಎಷ್ಟೋ ಜನರ ಪಗಾರ ಇಪ್ಪತ್ತು ಸಾವಿರದ ಆಸುಪಾಸಿನಲ್ಲೇ ಇರುತ್ತದೆ. ಅಂಥವರಿಗೆ ಕರ್ನಾಟಕದಲ್ಲೂ ವೃತ್ತಿ ತೆರಿಗೆ ಇಲ್ಲ. ಇಪ್ಪತ್ತಾರು ಸಾವಿರ ದುಡಿಯುವವನಿಗೂ ಎರಡು ಲಕ್ಷ ದುಡಿಯುವವನಿಗೂ ಅದೇ ಇನ್ನೂರು ಎಂಬುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಅದು ಬೇರೆ ಚರ್ಚೆ. ಆದಾಯ ತೆರಿಗೆ ಕೇಂದ್ರದ್ದು, ಘಾಟಿಯ ಮೇಲೂ ಕೆಳಗೂ ಒಂದೇ. ಹೊಸ ಪದ್ಧತಿಯಲ್ಲಿ 2025-26ರಿಂದ ಪಗಾರದಾರರಿಗೆ ವರ್ಷಕ್ಕೆ ಹನ್ನೆರಡು ಮುಕ್ಕಾಲು ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ.

ಹಾಗಿದ್ದರೆ ಕೈಗೆ ಬರುವ ಹಣ ಕಡಿಮೆಯಾಗುವುದು ಎಲ್ಲಿ? ಇಪ್ಪತ್ತು ಸಾವಿರ ಪಗಾರ, ಅದರಲ್ಲಿ ಮೂಲ ವೇತನ ಮತ್ತು ಡಿ.ಎ. ಸೇರಿ ಹದಿನೈದು ಸಾವಿರ ಎಂದುಕೊಳ್ಳಿ. ಪಿ.ಎಫ್. ಶೇ 12, ಅಂದರೆ 1,800. ನೌಕರರ ವಿಮೆಯಾದ ಇಎಸ್‌ಐ ಶೇ 0.75, ಅಂದರೆ 150. ಕೈಗೆ ಬರುವುದು 18,050. ಈ ಎರಡೂ ಸಾಲು ದಾಂಡೇಲಿಯಲ್ಲಿ ಹೇಗೋ ಗೋವಾದಲ್ಲೂ ಹಾಗೇ ಇರಬೇಕು, ಯಾಕೆಂದರೆ ಎರಡೂ ಕೇಂದ್ರದ ಕಾನೂನು. ಇವು ತೆರಿಗೆಯಲ್ಲ. ನಿಮ್ಮ 1,800ಕ್ಕೆ ಮಾಲೀಕರೂ 1,800 ಸೇರಿಸಬೇಕು, ಅದರಲ್ಲಿ 1,250 ನಿಮ್ಮ ಪಿಂಚಣಿಗೆ ಹೋಗುತ್ತದೆ. ನಿಮ್ಮ 150ರ ಜೊತೆ ಅವರದು 650 ಸೇರಬೇಕು. ನೌಕರಿಯಲ್ಲಿರುವಾಗಲೇ ತೀರಿಕೊಂಡ ಪಿ.ಎಫ್. ಸದಸ್ಯರ ಮನೆಯವರಿಗೆ ಗರಿಷ್ಠ ಏಳು ಲಕ್ಷದವರೆಗಿನ ವಿಮೆ ಇದೆ. ಅದರ ಕಂತನ್ನು ಪೂರ್ತಿ ಮಾಲೀಕರೇ ಕಟ್ಟುತ್ತಾರೆ. ಚೀಟಿಯಲ್ಲಿ 1,950 ಹೋಯಿತು ಎಂದು ಕಾಣುವ ಜಾಗದಲ್ಲಿ, ಕಾಣದಂತೆ 2,450 ನಿಮ್ಮ ಹೆಸರಿಗೆ ಬಂದಿರುತ್ತದೆ.

ರಾಜ್ಯದ ತೆರಿಗೆ ಇಲ್ಲದಿದ್ದರೂ ಪಗಾರ ಪೂರ್ತಿ ಕೈಗೆ ಬರುವುದಿಲ್ಲ ಎಂಬುದು ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಗೊತ್ತಿರುವ ಸಂಗತಿ. ಆ ರಾಜ್ಯ ಪಗಾರದ ಮೇಲೆ ಆದಾಯ ತೆರಿಗೆ ಹಾಕುವುದಿಲ್ಲ. ಆದರೂ ಫೆಡರಲ್ ತೆರಿಗೆ, ಅದರ ಮೇಲೆ ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45 ಕಟ್ ಆಗಿಯೇ ಪಗಾರ ಬರುತ್ತದೆ.

ಆದ್ದರಿಂದ ‘ಏನೂ ಕಟ್ ಇಲ್ಲ’ ಎಂದು ಗುತ್ತಿಗೆದಾರ ಹೇಳಿದಾಗ ಖುಷಿಪಡುವ ಬದಲು ಕಾರಣ ಕೇಳಬೇಕು. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಕಡೆ ಪಿ.ಎಫ್., ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಇಎಸ್‌ಐ ಸಾಮಾನ್ಯವಾಗಿ ಕಡ್ಡಾಯವಲ್ಲ. ನಾಲ್ಕು ಜನರ ಸಣ್ಣ ಖಾನಾವಳಿಯಲ್ಲಿ ಇವು ಇಲ್ಲದಿದ್ದರೆ ತಪ್ಪಲ್ಲ. ಆದರೆ ನೂರಾರು ಜನ ದುಡಿಯುವ ಜಾಗದಲ್ಲಿ ಮೇಲಿನ ಲೆಕ್ಕದಂಥ ಇಪ್ಪತ್ತು ಸಾವಿರದ ಪಗಾರಕ್ಕೆ ಈ ಸಾಲುಗಳು ಇಲ್ಲವೆಂದರೆ, ನಿಮಗೆ ಸಲ್ಲಬೇಕಾದದ್ದನ್ನು ಯಾರೋ ಕೊಡುತ್ತಿಲ್ಲ ಎಂದೇ ಅರ್ಥ. ಮೆಷಿನ್‌ಗೆ ಕೈ ಸಿಕ್ಕ ದಿನ, ಹೆರಿಗೆಯ ಹೊತ್ತು, ಜ್ವರ ಹಿಡಿದು ಮಳೆಗಾಲವಿಡೀ ಮಲಗಿದಾಗ ಅದು ಗೊತ್ತಾಗುತ್ತದೆ. ಇಎಸ್‌ಐ ಇದ್ದವರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ 70 ಸಿಗುತ್ತದೆ, ಮನೆಮಂದಿಗೂ ಚಿಕಿತ್ಸೆ ಇದೆ. ಇಎಸ್‌ಐ ಆಸ್ಪತ್ರೆ ಮಡಗಾಂವದಲ್ಲೂ ಇದೆ, ದಾಂಡೇಲಿಯಲ್ಲೂ ಇದೆ. ಗೋವಾದಲ್ಲಿ ದುಡಿದು ಮನೆಯವರನ್ನು ಊರಿನಲ್ಲೇ ಬಿಟ್ಟಿದ್ದರೆ, ಅವರ ಚಿಕಿತ್ಸೆ ಊರಿನ ಕಡೆಯೇ ಆಗುವಂತೆ ನೋಂದಾಯಿಸಬಹುದು.

ಗಡಿ ದಾಟುವವರು ಕಳೆದುಕೊಳ್ಳುವ ಇನ್ನೊಂದು ದೊಡ್ಡ ಗಂಟು ಪಿಂಚಣಿ. ಅದು ಸಿಗಲು ಒಟ್ಟು ಹತ್ತು ವರ್ಷದ ಸೇವೆ ಬೇಕು. ಅದು ಒಂದೇ ಕಡೆಯ ಸೇವೆ ಆಗಿರಬೇಕಿಲ್ಲ. ಇಲ್ಲಿ ಮೂರು, ಅಲ್ಲಿ ಐದು, ಮತ್ತೆ ಇಲ್ಲಿ ಎರಡು ವರ್ಷವಾದರೂ ಆಗುತ್ತದೆ, ಆದರೆ ಎಲ್ಲವೂ ಒಂದೇ ಯುಎಎನ್ (ಪಿ.ಎಫ್. ಸದಸ್ಯರ ಕಾಯಂ ಸಂಖ್ಯೆ) ಅಡಿ ಸೇರಿರಬೇಕು. ಕೆಲಸ ಬಿಟ್ಟಾಗಲೆಲ್ಲ ಪಿಂಚಣಿಯ ಹಣವನ್ನೂ ತೆಗೆದುಕೊಂಡರೆ ಆ ವರ್ಷಗಳ ಲೆಕ್ಕ ಅಲ್ಲಿಗೇ ಅಳಿಯಿತು. ಹೊಸ ಜಾಗದಲ್ಲಿ ಹಳೆಯ ಸಂಖ್ಯೆ ಕೊಡಿ, ಹೊಸದು ಮಾಡಿಸಬೇಡಿ.

ಇವಲ್ಲದೆ ಚೀಟಿಯಲ್ಲಿ ದಂಡ, ಒಡೆದ ಸಾಮಾನು, ಊಟ, ಕೋಣೆ ಎಂದು ಬರೆದು ಮನಸ್ಸಿಗೆ ಬಂದಷ್ಟು ಹಿಡಿಯುವಂತಿಲ್ಲ. ಒಟ್ಟು ಕಡಿತ ಪಗಾರದ ಅರ್ಧ ಮೀರಬಾರದು. ದಂಡ ಶೇ 3 ದಾಟಬಾರದು, ಅದನ್ನು ಹಾಕುವ ಮೊದಲು ನಿಮ್ಮ ಮಾತು ಕೇಳಲೇಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ ಪಗಾರ ಚೀಟಿ ಕೊಡುವುದು ಮಾಲೀಕರ ಕರ್ತವ್ಯ.

ಗೋವಾದಲ್ಲಿರಲಿ, ದಾಂಡೇಲಿಯಲ್ಲಿರಲಿ, ಈ ತಿಂಗಳ ಚೀಟಿಯನ್ನು ಕೇಳಿ ಪಡೆಯಿರಿ. ಪಿ.ಎಫ್. ಹಿಡಿದಿದ್ದಾರೆ ಎಂದಾದರೆ ಅದು ನಿಜವಾಗಿ ಕಟ್ಟಿದೆಯೇ ನೋಡಿ. ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೊತ್ತದ ಸಂದೇಶ ಬರುತ್ತದೆ. ಆ ಯುಎಎನ್ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಊರಲ್ಲಿರುವ ಮನೆಯವರ ಕೈಗೂ ಕೊಟ್ಟಿರಿ.